ಒಂದು ಗಂಟೆ ತಡವಾದ ಅಮಾವಾಸ್ಯೆ

ತಪ್ಪೊಪ್ಪಿಗೆ ಪತ್ರ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ದಾ ನಾಂಗ್ ಪಟ್ಟಣದಲ್ಲಿ ಇರಲಿಲ್ಲ. ಜಂಬ ಅಂದುಕೊಳ್ಳಬೇಡಿ, ಇದು ಆರನೇ ಕ್ಲಾಸಿನಿಂದ ಬೆವರು ಸುರಿಸಿ ಗಳಿಸಿದ ವಿದ್ಯೆ. ಲೆಕ್ಕ ಮಾಡಿ ತರದವನು, ಕೊರಳಿಗೆ ಸಮವಸ್ತ್ರದ ಕೆಂಪು ವಸ್ತ್ರ ಕಟ್ಟಲು ಮರೆತವನು, ಮುಂದಿನ ಬೆಂಚಿನವಳ ಜಡೆಯನ್ನು ಬೆಂಚಿಗೇ ಕಟ್ಟಿದವನು, ಎಲ್ಲರೂ ಒಂದು ಹಾಳೆಯ ನೆತ್ತಿಯ ಮೇಲೆ ದೇಶದ ಹೆಸರು, ಅದರ ಕೆಳಗೆ ಧ್ಯೇಯವಾಕ್ಯ, ಅದರ ಕೆಳಗೆ ತಮ್ಮ ಅಪರಾಧ ಬರೆದು ತರಗತಿಯ ಮುಂದೆ ನಿಂತು ಓದಬೇಕಿತ್ತು. ಓದುವವರು ಅವರು, ಬರೆಯುವವನು ನಾನು. 'ನನ್ನ ಕೃತ್ಯದ ಗಂಭೀರತೆಯನ್ನು ಆಳವಾಗಿ ಮನಗಂಡಿದ್ದೇನೆ' ಎಂಬ ವಾಕ್ಯವನ್ನು ನಾನು ಕನಿಷ್ಠ ನಲವತ್ತು ಜನರ ಪರವಾಗಿ ಮನಗಂಡಿದ್ದೇನೆ.

ಕಂಪನಿಗೆ ಸೇರಿದರೆ ಅಲ್ಲೂ ಅದೇ. ನಮ್ಮದು ಹನ್ನೊಂದು ಜನರ ಪುಟ್ಟ ಕಂಪನಿ. ಕೆಳಗೆ ಮೋಟರ್‌ಬೈಕಿನ ಸೀಟು ಹೊಲಿಯುವ ಅಂಗಡಿ, ಮೇಲೆ ನಾವು. ಯಜಮಾನ ಖಾಂಗ್ ಅಣ್ಣ ಒಂದು ಪದ್ಧತಿ ಇಟ್ಟಿದ್ದ. ಒಬ್ಬ ಕೋಡ್ ಬರೆದರೆ ಇನ್ನೊಬ್ಬರು ಓದಿ 'ಒಪ್ಪಿಗೆ' ಒತ್ತಬೇಕು. ಮುಂದೆ ಅದು ಕೆಟ್ಟರೆ ಶುಕ್ರವಾರ ಎಲ್ಲರೆದುರು ಪತ್ರ ಓದುವವರು ಬರೆದವರಲ್ಲ, ಒಪ್ಪಿಗೆ ಒತ್ತಿದವರು. ಹೆತ್ತವರಿಗೆ ಹೆಗ್ಗಣ ಮುದ್ದು, ಹೆಗ್ಗಣವನ್ನು ಹೆಗ್ಗಣ ಅನ್ನಬೇಕಾದವರು ಪಕ್ಕದ ಮನೆಯವರು ಅನ್ನುವುದು ಅವನ ವಾದ. ಯಾರ ಪತ್ರವಾದರೂ ಕರಡು ನನ್ನದು. ಅವರು ಓದಿ ಮುಗಿಸಿದ ಮೇಲೆ ನಾನು ಎದ್ದು ಅದನ್ನೇ ಅವರ ದನಿಯಲ್ಲಿ ಇನ್ನೊಮ್ಮೆ ಓದುತ್ತಿದ್ದೆ. ಮೂಗಿನಲ್ಲಿ ಮಾತಾಡುವ ನ್ಯಾನ್, ಪ್ರತಿ ವಾಕ್ಯಕ್ಕೂ ಕೆಮ್ಮುವ ಖಾಂಗ್ ಅಣ್ಣ, ಯಾರನ್ನೂ ಬಿಟ್ಟವನಲ್ಲ. ತಪ್ಪು ಮಾಡಿದವರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಹಾಗೆಂದು ನಾನು ನಂಬಿದ್ದೆ.

ನಾವು ಮಾಡುತ್ತಿದ್ದದ್ದು ಮನೆಮನೆಯ ಹಿರಿಯರ ತಿಥಿ ನೆನಪಿಸುವ ಆಪ್. ತಿಥಿ ನಡೆಯುವುದು ಚಂದ್ರನ ಲೆಕ್ಕದಲ್ಲಿ, ಸಂಬಳ ನಡೆಯುವುದು ಸೂರ್ಯನ ಲೆಕ್ಕದಲ್ಲಿ. ಗೋಡೆಯ ಮೇಲೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನಲ್ಲಿ ಎರಡೂ ಇರುತ್ತವೆ, ಆದರೆ ಈಗಿನ ಬಾಡಿಗೆ ಕೋಣೆಗಳ ಗೋಡೆಗೆ ಮೊಳೆ ಹೊಡೆಯಲು ಮಾಲೀಕ ಬಿಡುವುದಿಲ್ಲ. ಹಾಗಾಗಿ ನಮ್ಮ ಆಪ್ ಮೂರು ದಿನ ಮುಂಚೆ ಒಮ್ಮೆ, ಹಿಂದಿನ ದಿನ ಒಮ್ಮೆ, ಆ ದಿನ ಬೆಳಗ್ಗೆ ಒಮ್ಮೆ ಗಂಟೆ ಬಾರಿಸಿ 'ಅಪ್ಪನ ದಿನ' ಅನ್ನುತ್ತದೆ. ಆ ದಿನ ಅನ್ನ, ಬೇಯಿಸಿದ ಕೋಳಿ, ಊದುಬತ್ತಿ ಇಟ್ಟರೆ ಅಪ್ಪ ಬಂದು ಉಂಡು ಹೋಗುತ್ತಾನೆ. ಮರುದಿನ ಇಟ್ಟರೆ ಉಣ್ಣುವವರು ನೆಂಟರು ಮಾತ್ರ.

ಚಂದ್ರನ ತಿಂಗಳು ಲೆಕ್ಕ ಹಾಕುವ ಕೋಡ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರೆದೆ ಅಂದರೆ ಬಾಯಿ ಸುಟ್ಟೀತು. ಗಡಿಯಾಚೆಯ ಚೀನಾದವನೊಬ್ಬ ಬರೆದು ಎಲ್ಲರಿಗೂ ಬಿಟ್ಟಿದ್ದನ್ನು ಎತ್ತಿ ತಂದು, ಅವನ ಹೆಸರು ಅಳಿಸದೆ, ನನ್ನ ಹೆಸರು ಸೇರಿಸಿದೆ. ಕೆಲಸ ಮಾಡಿತು. ಅದು ಸರಿ ಎಂದು ತೋರಿಸಲು ಪರೀಕ್ಷೆಗಳನ್ನೂ ಬರೆಯಬೇಕಲ್ಲ? ನಲವತ್ತು ಬರೆದೆ. ಸರಿ ಉತ್ತರಗಳನ್ನು ಎಲ್ಲಿಂದ ತಂದೆ ಅಂತ ಕೇಳಿ. ಅದೇ ಕೋಡನ್ನು ಓಡಿಸಿ, ಅದು ಉಗುಳಿದ್ದನ್ನೇ ಸರಿ ಉತ್ತರ ಅಂತ ಅಂಟಿಸಿದೆ. ನಲವತ್ತಕ್ಕೆ ನಲವತ್ತೂ ಪಾಸು. ಪ್ರಶ್ನೆಪತ್ರಿಕೆ ನನ್ನದು, ಉತ್ತರಪತ್ರಿಕೆ ನನ್ನದು, ಮೇಷ್ಟ್ರೂ ನಾನೇ.

ಅದನ್ನು ಓದಿ ಒಪ್ಪಿಗೆ ಒತ್ತಬೇಕಾದವಳು ಉಯೆನ್ ಅಕ್ಕ. ನನಗಿಂತ ಒಂದು ವರ್ಷ ದೊಡ್ಡವಳು, ಆದ್ದರಿಂದ ಅಕ್ಕ. ಕೆಲಸದಲ್ಲಿ ನನಗಿಂತ ಮೂರು ವರ್ಷ ಚಿಕ್ಕವಳು. ಬಂದು ಮೂರೇ ವಾರವಾಗಿತ್ತು, ಎರಡು ತಿಂಗಳು ನೋಡಿ ಇಟ್ಟುಕೊಳ್ಳುವುದೋ ಕಳಿಸುವುದೋ ಹೇಳುತ್ತೇನೆ ಎಂದಿದ್ದ ಖಾಂಗ್ ಅಣ್ಣ. ಊರು ಹ್ವೆ, ಹಿಂದೆ ರಾಜರಿದ್ದ ಪಟ್ಟಣ. ಹ್ವೆಯವರ ಮಾತು ಗೊತ್ತಲ್ಲ, ಒಂದು ಪದ ಹೊಸಿಲು ದಾಟುವಷ್ಟರಲ್ಲಿ ನಮ್ಮ ಕಡೆಯ ಒಂದು ಜಗಳ ಮುಗಿದು ರಾಜಿಯಾಗಿರುತ್ತದೆ. ಅವಳು ನನ್ನ ಕೋಡಿನ ಒಂದು ಸಾಲಿನ ಪಕ್ಕದಲ್ಲಿ ಬರೆದಿದ್ದಳು: "ಲಾಮ್ ತಮ್ಮಾ, ಅಮಾವಾಸ್ಯೆ ಲೆಕ್ಕ ಹಾಕಿರೋದು ಯಾವ ಊರಿನ ಗಡಿಯಾರಕ್ಕೆ? ಇಲ್ಲಿ 8 ಅಂತ ಯಾಕಿದೆ?"

ಯಾಕಿದೆ ಅಂತ ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವ ಒಂದು ಪದ ಬರೆದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಆವತ್ತು ಮಧ್ಯಾಹ್ನ ಬೀದಿಯ ಕೊನೆಯ ಶ್ಯಾವಿಗೆ ಅಂಗಡಿಯಲ್ಲಿ ಎಲ್ಲರೂ ಸಣ್ಣ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕೂತಿದ್ದಾಗ ನಾನು ಬಟ್ಟಲು ಕೆಳಗಿಟ್ಟೆ. ಬೆನ್ನು ನೆಟ್ಟಗೆ ಮಾಡಿ, ಕೈ ಮಡಿಲಲ್ಲಿ ಮಡಿಸಿ, ಹ್ವೆಯ ರಾಣಿವಾಸದ ದನಿ ಎಳೆದೆ.

"ಲಾ...ಮ್ ತಮ್ಮಾ..., ಇದು ಯಾ...ವ ಊರಿನ ಗಡಿಯಾ...ರ? ನಮ್ಮ ಹ್ವೆಯ ಅರಮನೇ...ಲೂ ಒಂದು ಗಡಿಯಾ...ರ ಇತ್ತು ಕಣಪ್ಪಾ... ಹನ್ನೆರಡು ಹೊಡೆಯೋಕೆ ಶುರು ಮಾಡಿದ್ದು ರಾಜರ ಕಾ...ಲದಲ್ಲಿ. ಇನ್ನೂ ಏಳನೇದು ಹೊಡೀತಾ... ಇದೆ."

ನ್ಯಾನ್‌ಗೆ ಶ್ಯಾವಿಗೆ ಮೂಗಿಗೇರಿತು. ಅಂಗಡಿಯವಳೂ ಸೌಟು ಹಿಡಿದುಕೊಂಡು ನಕ್ಕಳು. ಉಯೆನ್ ಅಕ್ಕನೂ ನಕ್ಕಳು. ಅವಳ ಕಿವಿ ಮಾತ್ರ ಬಟ್ಟಲಿನ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಅಲ್ಲ, ನಾನು ಸುಮ್ನೆ ಕೇಳ್ದೆ..." ಅಂದಳು.

"ಅಕ್ಕಾ, ನಲವತ್ತು ಪರೀಕ್ಷೆ ಪಾಸಾಗಿದೆ. ನಾನೇ ಹೈಸ್ಕೂಲಲ್ಲಿ ಅಷ್ಟು ಪಾಸಾಗಿಲ್ಲ" ಅಂದೆ. ಮತ್ತೆ ನಗು.

ಆಫೀಸಿಗೆ ಬಂದವನೇ ಅವಳ ಪ್ರಶ್ನೆಯ ಕೆಳಗೆ ಆ ರಾಣಿವಾಸದ ಮಾತನ್ನು ಎಳೆತಗಳ ಸಮೇತ ಟೈಪ್ ಮಾಡಿ, 'ಇತ್ಯರ್ಥವಾಯಿತು' ಎಂಬ ಗುಂಡಿ ಒತ್ತಿದೆ. ಒತ್ತಿದರೆ ಪ್ರಶ್ನೆ, ಉತ್ತರ ಎರಡೂ ಮಡಚಿಕೊಂಡು ಕಣ್ಣಿಗೆ ಬೀಳದಂತೆ ಒಳಗೆ ಹೋಗುತ್ತವೆ. ಹತ್ತು ನಿಮಿಷ ಬಿಟ್ಟು ಅವಳು 'ಒಪ್ಪಿಗೆ' ಒತ್ತಿದಳು. ತಪ್ಪು ನನ್ನದು, ಒಪ್ಪಿಗೆ ಅವಳದು. ಎರಡೂ ಸೇರಿ ಏನಾಗುತ್ತದೆ ಅಂತ ಮಾತಿನಲ್ಲೇ ಬದುಕುವ ನನಗೆ ಆಗ ಹೊಳೆಯಬೇಕಿತ್ತು.

ಐದು ವಾರ ಏನೂ ಆಗಲಿಲ್ಲ. ಆರನೇ ವಾರದ ಮಂಗಳವಾರ ಬೆಳಗ್ಗೆ ಹೊಯಿ ಆನ್‌ನಿಂದ ಒಬ್ಬ ಫೋನ್ ಮಾಡಿ ಖಾಂಗ್ ಅಣ್ಣನ ಕಿವಿಯ ಮೇಣ ಕರಗುವಂತೆ ಬೈದ. ಅವನ ಫೋನಿನ ಪ್ರಕಾರ ಇವತ್ತು ಚಂದ್ರನ ತಿಂಗಳ ಹನ್ನೆರಡನೇ ದಿನ, ಅವನ ಅಪ್ಪನ ತಿಥಿ. ಅತ್ತೆ ಕೋಳಿ ಹಿಡಿದುಕೊಂಡು ಬಂದು ಗೋಡೆಯ ಕ್ಯಾಲೆಂಡರ್ ನೋಡಿದರೆ ಹದಿಮೂರು. ಒಂದು ಗಂಟೆಯೊಳಗೆ ಅಂಥವೇ ಹದಿನೇಳು ಫೋನು. ಆ ತಿಂಗಳು ಶುರುವಾದಾಗಿನಿಂದ ಎಲ್ಲ ತಿಥಿಯನ್ನೂ ನಾವು ಒಂದು ದಿನ ತಡವಾಗಿ ನೆನಪಿಸಿದ್ದೆವು. ಒಟ್ಟು ಇನ್ನೂರ ಹನ್ನೆರಡು ಮನೆ. ಅಷ್ಟೂ ಮನೆಯ ಹಿರಿಯರು ಸರಿಯಾದ ದಿನಕ್ಕೇ ಬಂದು, ಖಾಲಿ ಪೀಠ ನೋಡಿ ಎದ್ದು ಹೋಗಿದ್ದರು. ತಿಥಿ ತಪ್ಪಿಸಿ ಸ್ವಂತ ಮನೆಯಲ್ಲೇ ಅವರನ್ನು ಅತಿಥಿ ಮಾಡಿಬಿಟ್ಟಿದ್ದೆ.

ಕಾರಣ ಹುಡುಕಿದವಳು ಉಯೆನ್ ಅಕ್ಕ. ಅರ್ಧ ಗಂಟೆ ಸಾಕಾಯಿತು. ಖಾಂಗ್ ಅಣ್ಣ, ನಾನು, ನ್ಯಾನ್ ಅವಳ ಕುರ್ಚಿಯ ಹಿಂದೆ ನಿಂತಿದ್ದೆವು.

"ಈ ತಿಂಗಳ ಅಮಾವಾಸ್ಯೆ ಆಗಿದ್ದು ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೊಂದೂ ಇಪ್ಪತ್ತಕ್ಕೆ" ಅಂದಳು. "ಬೀಜಿಂಗ್ ನಮಗಿಂತ ಒಂದು ಗಂಟೆ ಮುಂದೆ. ಅವರಿಗೆ ಆಗಲೇ ಹನ್ನೆರಡೂ ಇಪ್ಪತ್ತು, ಮಾರನೇ ದಿನ. ಅವರ ತಿಂಗಳು ಒಂದು ದಿನ ತಡವಾಗಿ ಶುರುವಾಯ್ತು. ಈ ಕೋಡಲ್ಲಿರೋ 8 ಅವರ ಗಡಿಯಾರ, ವಿಶ್ವ ಸಮಯಕ್ಕಿಂತ ಎಂಟು ಗಂಟೆ ಮುಂದೆ. ನಮ್ಮದು ಏಳು. ಯುದ್ಧದ ಕಾಲದಲ್ಲಿ ಒಂದು ಸಲ ಹಿಂಗೇ ಆಗಿ ಉತ್ತರದವರು ಹೊಸ ವರ್ಷ ಒಂದು ದಿನ ಮಾಡಿದ್ರಂತೆ, ನಮ್ಮ ಕಡೆಯವರು ಮಾರನೇ ದಿನ. ನಮ್ಮಜ್ಜಿ ಹೇಳ್ತಿದ್ರು."

"ಗೊತ್ತಿತ್ತಾ ನಿಂಗೆ ಇದು?" ಖಾಂಗ್ ಅಣ್ಣ ಕೇಳಿದ. ದನಿಯಲ್ಲಿ ಕೆಮ್ಮು ಇರಲಿಲ್ಲ. ಅವನು ಕೆಮ್ಮದಿದ್ದರೆ ಗ್ರಹಚಾರ ಕೆಟ್ಟಿದೆ ಎಂದೇ ಅರ್ಥ.

"ಗೊತ್ತಿತ್ತು ಅಣ್ಣ."

"ಗೊತ್ತಿದ್ದೂ ಒಪ್ಪಿಗೆ ಒತ್ತಿದ್ಯಾ?"

ಈಗ ಹೇಳುತ್ತಾಳೆ ಅಂದುಕೊಂಡೆ. ಅವಳು ಕಂಪ್ಯೂಟರ್ ಪರದೆ ನೋಡುತ್ತಲೇ, "ಒತ್ತಿದೆ ಅಣ್ಣ" ಅಂದಳು.

ಎದೆಯಿಂದ ಕಲ್ಲೊಂದು ಇಳಿಯಿತು. ಇಳಿದದ್ದು ಹೊಟ್ಟೆಗೆ ಅಂತ ಆಮೇಲೆ ತಿಳಿಯಿತು.

ಖಾಂಗ್ ಅಣ್ಣ ಹೋಗುತ್ತಾ, "ಶುಕ್ರವಾರ ಪತ್ರ ಓದು. ಅವತ್ತಿಗೇ ನಿನ್ನ ಎರಡು ತಿಂಗಳೂ ಮುಗಿಯುತ್ತೆ. ಎರಡೂ ಒಟ್ಟಿಗೇ ತೀರ್ಮಾನ ಮಾಡೋಣ" ಅಂದ.

ತಿದ್ದಲು ನಾವಿಬ್ಬರೇ ಕೂತೆವು. ತಿದ್ದುವುದೇನು, 8 ಇದ್ದಲ್ಲಿ 7. ಒಂದಂಕಿ. ಅವಳು ಆಮೇಲೆ ನನ್ನ ನಲವತ್ತು ಪರೀಕ್ಷೆಗಳನ್ನು ಓಡಿಸಿದಳು. ಲೆಕ್ಕ ಸರಿಯಾಗಿದ್ದೇ ತಡ, ಮೂರು ಪರೀಕ್ಷೆ ಫೇಲಾದವು. ಅವಳು ಆ ಮೂರನ್ನು ತೆರೆದು ನಿಧಾನವಾಗಿ ಓದಿದಳು. ಗೋಡೆ ಕ್ಯಾಲೆಂಡರಿನ ಹಳೇ ಪುಸ್ತಕ ತರಿಸಿ ಹೋಲಿಸಿದಳು.

"ತಮ್ಮಾ, ಈ ಸರಿ ಉತ್ತರ ಎಲ್ಲಿಂದ ಬರಕೊಂಡೆ?"

ನಾನು ಏನೋ ಗೊಣಗಿದೆ.

"ಕೋಡಿಂದಲೇ ತಗೊಂಡು ಕೋಡಿಗೇ ತೋರಿಸಿದ್ಯಾ?" ಅಂದಳು. ಬೈಗುಳವಲ್ಲ. ವೈದ್ಯರು 'ಇಲ್ಲಿ ನೋವಾ?' ಅಂತ ಒತ್ತಿ ಕೇಳುತ್ತಾರಲ್ಲ, ಹಾಗೆ. ನಾನು ತಲೆಯಾಡಿಸಿದೆ. ಅವಳು ನಲವತ್ತನ್ನೂ ಅಳಿಸಿ, ಪುಸ್ತಕ ನೋಡಿ ಒಂದೊಂದಾಗಿ ಹೊಸದಾಗಿ ಬರೆಯತೊಡಗಿದಳು. ದಿನಾಂಕ ಓದಿ ಹೇಳುವ ಕೆಲಸ ನನ್ನದು. ಇಬ್ಬರು ಸೇರಿ ಕೆಲಸ ಮಾಡುವುದು ಅಂದರೆ ಇದು ಅಂತ ಮೂರು ವರ್ಷದ ನೌಕರಿಯಲ್ಲಿ ಮೊದಲ ಸಲ ತಿಳಿದದ್ದು ಆ ಮಧ್ಯಾಹ್ನ, ತಿಳಿಯಬಾರದ ರೀತಿಯಲ್ಲಿ.

ಗುರುವಾರ ಊಟವಾದ ಮೇಲೆ ದೀಪ ಆರಿಸಿ, ಕಿಟಕಿಯ ಪರದೆ ಎಳೆದು, ಎಲ್ಲರೂ ಮೇಜುಗಳ ಕೆಳಗೆ ಚಾಪೆ ಹಾಸಿ ಮಲಗಿದ್ದರು. ಕೆಳಗಿನ ಹೊಲಿಗೆ ಯಂತ್ರಗಳೂ ಆ ಒಂದು ಗಂಟೆ ಬಾಯಿ ಮುಚ್ಚುತ್ತವೆ. ಉಯೆನ್ ಅಕ್ಕ ಖಾಲಿ ಹಾಳೆ ಹಿಡಿದು ನನ್ನ ಪಕ್ಕ ಕೂತು ಪಿಸುಗುಟ್ಟಿದಳು.

"ಲಾಮ್ ತಮ್ಮಾ, ನಾನು ಶಾಲೇಲೂ ಒಂದ್ಸಲನೂ ಪತ್ರ ಬರೆದವಳಲ್ಲ. ಹೆಂಗೆ ಶುರು ಮಾಡ್ತಾರೆ? ನೀನು ಎಲ್ಲರಿಗೂ ಬರೆದುಕೊಡ್ತೀಯಂತಲ್ಲ."

ಬರೆದುಕೊಟ್ಟೆ. ಹೌದು, ಬರೆದುಕೊಟ್ಟೆ. ನನ್ನ ತಪ್ಪಿಗೆ ಅವಳ ಹೆಸರಿನಲ್ಲಿ, ನನ್ನ ಕೈಬರಹದಲ್ಲಿ, ಅಲ್ಪವಿರಾಮಗಳನ್ನೂ ಸರಿಯಾಗಿಟ್ಟು. ಕೈಗೆ ಅಭ್ಯಾಸವಿತ್ತು ಅನ್ನಬಹುದು. ಕೈಯನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ.

ಅವಳು ಫೋನಿನ ಬೆಳಕಿನಲ್ಲಿ ಓದಿದಳು. ಒಂದು ಸಾಲಿನ ಕೆಳಗೆ ಉಗುರು ಇಟ್ಟಳು.

"'ಗಮನವಿಟ್ಟು ಓದದೆ ಒಪ್ಪಿಗೆ ನೀಡಿದೆ' ಅಂತಿದೆ. ಇದು ಸುಳ್ಳು. ನಾನು ಓದಿದ್ದೆ."

"ಅದು... ಎಲ್ಲರ ಪತ್ರದಲ್ಲೂ ಇರತ್ತೆ ಅಕ್ಕ. ಒಂದು ರೂಢಿ."

"ಓದಿದ್ದೆ ತಮ್ಮ. ಹಂಗಾದ್ರೆ ಇಲ್ಲಿ ಏನು ಬರೀಲಿ?"

ಮೇಜಿನ ಕೆಳಗಿನಿಂದ ನ್ಯಾನ್‌ನ ಗೊರಕೆ ಬರುತ್ತಿತ್ತು. ಬೇರೆ ದಿನವಾಗಿದ್ದರೆ ಅದನ್ನೂ ಅಣಕಿಸುತ್ತಿದ್ದೆ. 'ಲಾಮ್ ನಗಿಸಿ ಬಾಯಿ ಮುಚ್ಚಿಸಿದ ಅಂತ ಬರಿ' ಅನ್ನುವ ವಾಕ್ಯ ಗಂಟಲಿನವರೆಗೆ ಬಂತು. ಅಲ್ಲಿಂದ ತಿರುಗಿ ಹೋಯಿತು.

"ನಿಂಗೆ ಸರಿ ಕಂಡಿದ್ದು ಬರಿ ಅಕ್ಕ" ಅಂದೆ.

ಹಾಳೆ ಮಡಿಸಿ, ಥ್ಯಾಂಕ್ಸ್ ಹೇಳಿ ಎದ್ದುಹೋದಳು. ಅವಳು ಒಂದು ಏಟು ಹಾಕಿದ್ದರೂ ನನಗೆ ನಿದ್ದೆ ಬರುತ್ತಿತ್ತು. ಥ್ಯಾಂಕ್ಸ್ ಹೇಳಿದಳು.

ಶುಕ್ರವಾರ ಖಾಂಗ್ ಅಣ್ಣ ಅವಳ ಹೆಸರು ಕರೆಯುವ ಮೊದಲೇ ನಾನು ಎದ್ದು ನಿಂತೆ. ಹಾಳೆ ಇರಲಿಲ್ಲ. ರಾತ್ರಿಯೆಲ್ಲ ತಿದ್ದಿದ್ದು ತಲೆಯಲ್ಲಿತ್ತು.

"ನನ್ನ ಹೆಸರು ಲಾಮ್" ಅಂದೆ. "ಈ ತಪ್ಪು ನಾನು ಮಾಡಿದ್ದು."

ನ್ಯಾನ್ ಕಿಸಕ್ಕನೆ ನಕ್ಕ. "ಶುರುವಾಯ್ತು ನೋಡ್ರೋ!"

"ಇಲ್ಲ, ನಿಜವಾಗಿ. ನಾನು ಕೋಡನ್ನು ಅರ್ಥ ಮಾಡಿಕೊಳ್ಳದೆ ಎತ್ತಿ ತಂದೆ. ಪರೀಕ್ಷೆಗಳನ್ನು..."

"ಯಾರ ದನಿ ಇದು? ಯಾರದು ಹೇಳ್ರೋ?" ಹಿಂದಿನಿಂದ ಯಾರೋ ಕೂಗಿದರು. "ಪಾರ್ಟಿ ಸೆಕ್ರೆಟರಿದಾ?"

ನನ್ನ ದನಿ ನಡುಗಿತು. ನಡುಕ ಕೇಳಿ ಅವರು ಇನ್ನೂ ನಕ್ಕರು, ಅಷ್ಟು ಚೆನ್ನಾಗಿ ನಡುಗಿಸಿದ್ದೆ ಅಂತ. "ನನಗೆ ನಾಚಿಕೆಯಾಗಿದೆ" ಅಂದಾಗ ಖಾಂಗ್ ಅಣ್ಣ ಕಣ್ಣೀರು ಒರೆಸಿಕೊಂಡು ಕೆಮ್ಮುತ್ತಾ, "ಸಾಕು ಮಾರಾಯ, ಅವಳ ಭಯ ಕಳೀಲಿ ಅಂತ ಮಾಡ್ತಿದೀಯ, ಗೊತ್ತು. ಒಳ್ಳೇವ್ನು ನೀನು. ಕೂತ್ಕೋ" ಅಂದ.

ಕೂತೆ. ಇಷ್ಟು ವರ್ಷ ಎಲ್ಲರ ದನಿಯನ್ನೂ ಕದ್ದು ತಂದು ಮಾರಿದ್ದೆ. ನನ್ನ ದನಿಯಲ್ಲಿ ಮಾತಾಡಿದರೆ ಅದನ್ನೂ ಕದ್ದ ಮಾಲು ಅಂದರು. ಇದಕ್ಕಿಂತ ನಾಚಿಕೆಯ ಸಂಗತಿ, ಒಳ್ಳೆಯವನು ಅನ್ನಿಸಿಕೊಂಡು ಕೂತೆನಲ್ಲ, ಅರೆಕ್ಷಣ ಅದು ಹಿತವಾಗಿತ್ತು.

ಉಯೆನ್ ಅಕ್ಕ ಎದ್ದಳು. ನಾನು ಬರೆದ ಹಾಳೆ ಅವಳ ಕೈಯಲ್ಲಿರಲಿಲ್ಲ. ಅವಳದೇ ಅಕ್ಷರದ ಬೇರೆ ಹಾಳೆ, ಐದೇ ಸಾಲು.

"ನಾನು ಕೋಡನ್ನು ಓದಿದೆ. ತಪ್ಪು ಕಂಡಿತು. ಪ್ರಶ್ನೆ ಕೇಳಿದೆ. ಎಲ್ಲರೂ ನಕ್ಕರು, ನಾನು ಮತ್ತೆ ಕೇಳಲಿಲ್ಲ. ಮತ್ತೆ ಕೇಳದೇ ಇದ್ದದ್ದು ನನ್ನ ತಪ್ಪು."

ಎಳೆದು ಎಳೆದು ಓದಿದಳು, ಹ್ವೆಯವರು ಓದುವ ಹಾಗೆ. ಯಾರೂ ನಗಲಿಲ್ಲ.

"ಏನು ಪ್ರಶ್ನೆ ಕೇಳಿದ್ದೆ?" ಖಾಂಗ್ ಅಣ್ಣ ಹುಬ್ಬು ಗಂಟಿಕ್ಕಿದ. "ನಾನು ದಾಖಲೆ ನೋಡ್ದೆ. ಅಲ್ಲಿ ಪ್ರಶ್ನೆ ಇಲ್ಲ, ಬರೀ ಒಪ್ಪಿಗೆ ಇದೆ."

ಅವಳು ಹಾಳೆ ಮಡಿಸುತ್ತಿದ್ದಳು. ನಾನು ಎದ್ದು ದೊಡ್ಡ ಪರದೆಗೆ ಜೋಡಿಸಿದ್ದ ಕಂಪ್ಯೂಟರಿನ ಹತ್ತಿರ ಹೋದೆ. ಮಡಚಿಟ್ಟಿದ್ದನ್ನು ಬಿಡಿಸಿದೆ. ಗೋಡೆಯ ತುಂಬ ಅವಳ ಒಂದು ಸಾಲು, ಅದರ ಕೆಳಗೆ ನನ್ನ ರಾಣಿವಾಸ. 'ಯಾ...ವ ಊರಿನ ಗಡಿಯಾ...ರ.' ಅದರ ಕೆಳಗೆ ಸಣ್ಣಕ್ಷರದಲ್ಲಿ: 'ಲಾಮ್ ಇತ್ಯರ್ಥಗೊಳಿಸಿದ್ದಾರೆ.'

ಎಲ್ಲರೂ ಓದಿದರು. ಓದಿ ಮುಗಿಸಿದ ಮೇಲೂ ಪರದೆಯನ್ನೇ ನೋಡುತ್ತಿದ್ದರು, ಯಾಕೆಂದರೆ ಅದರಿಂದ ಕಣ್ಣು ತೆಗೆದರೆ ನನ್ನನ್ನು ನೋಡಬೇಕಾಗುತ್ತಿತ್ತು. ನಾನು ಕಷ್ಟಪಟ್ಟು ಹೇಳಿದ್ದನ್ನು ನಂಬದವರು ಅಣಕಿಸಿ ಬರೆದದ್ದನ್ನು ತಕ್ಷಣ ನಂಬಿದರು.

"ಉಯೆನ್" ಅಂದ ಖಾಂಗ್ ಅಣ್ಣ ಕೊನೆಗೆ. "ಸೋಮವಾರ ಬಂದು ಕಾಯಂ ಕಾಗದಕ್ಕೆ ಸಹಿ ಹಾಕು. ಮತ್ತೆ ಇನ್ಮುಂದೆ, ಪ್ರಶ್ನೆ ಕೇಳಿದವರೇ ಅದನ್ನ ಮುಚ್ಚಬೇಕು, ಬೇರೆ ಯಾರೂ ಮುಚ್ಚೋ ಹಾಗಿಲ್ಲ." ಆಮೇಲೆ ನನ್ನ ಕಡೆ ತಿರುಗದೆಯೇ, "ಇನ್ನೂರ ಹನ್ನೆರಡು ಮನೆ. ಒಂದೊಂದಕ್ಕೂ ಫೋನ್ ಮಾಡು. ಇಲ್ಲೇ ಕೂತು ಮಾಡು" ಅಂದ.

ಮೊದಲ ನಂಬರು ತಾಮ್ ಕೀಯ ಒಬ್ಬ ಮುದುಕಿಯದು. ಮೊಮ್ಮಗಳು ಆಪ್ ಹಾಕಿಕೊಟ್ಟಿದ್ದಳಂತೆ. ಮುದುಕಿಗೆ ಕಿವಿ ಮಂದ, ಹಾಗಾಗಿ ಜೋರಾಗಿ ಹೇಳಬೇಕಾಯಿತು. ಹತ್ತು ಜನ ಕೀಬೋರ್ಡಿನ ಮೇಲೆ ಬೆರಳಿಟ್ಟು, ಒತ್ತದೆ, ಕೇಳಿಸಿಕೊಳ್ಳುತ್ತಿದ್ದರು.

"ಅಜ್ಜಿ, ನಾನು ಲಾಮ್ ಅಂತ. ನಿಮ್ಮ ಮನೆ ತಿಥಿ ಒಂದು ದಿನ ತಪ್ಪಿ ಹೇಳಿದ್ದು ನಾವು... ನಾನು. ನನ್ನಿಂದಾದ ತಪ್ಪು. ಕ್ಷಮಿಸಬೇಕು."

"ಹಂಗಾ ಮಗ" ಅಂದಳು ಮುದುಕಿ. ಸಿಟ್ಟೇ ಇರಲಿಲ್ಲ. "ನಂಗೇನು, ನಾನು ಎರಡೂ ದಿನ ಉಂಡಿದೀನಿ. ಉಪವಾಸ ಹೋದವನು ಅವನು. ತಡಿ, ಅವನಿಗೇ ಹೇಳು."

ಚಪ್ಪಲಿಯ ಸದ್ದು, ಬೆಂಕಿಕಡ್ಡಿ ಗೀರಿದ ಸದ್ದು. "ಹೂಂ, ಫೋಟೋ ಮುಂದೆ ಹಿಡಿದಿದೀನಿ. ಹೇಳು."

"ಅಜ್ಜಿ, ಏನಂತ ಕರೀಲಿ? ಅವರು... ತಾತನಾ?"

"ಯಾವ ತಾತ! ನನ್ ಮಗ ಕಣೋ. ಮೀನಿಗೆ ಅಂತ ಸಮುದ್ರಕ್ಕೆ ಹೋದೋನು ಬರಲಿಲ್ಲ. ಹೊರಟ ದಿನವೇ ತಿಥಿ ಮಾಡ್ತೀವಿ. ನಿಂಗೆಷ್ಟು ವರ್ಷ?"

"ಇಪ್ಪತ್ತೊಂಬತ್ತು."

"ಅವನು ಇಪ್ಪತ್ತೆರಡಕ್ಕೇ ನಿಂತ್ಬಿಟ್ಟ. ತಮ್ಮಾ ಅನ್ನು."

ಉಯೆನ್ ಅಕ್ಕ ತನ್ನ ಪರದೆಯ ಮೇಲೆ ಕಣ್ಣಿಟ್ಟು ಕೂತಿದ್ದಳು.

"ತಮ್ಮಾ" ಅಂದೆ. "ನಾನು ಲಾಮ್. ನೀನು ಬಂದ ದಿನ ಮನೇಲಿ ಏನೂ ಇಟ್ಟಿರಲಿಲ್ಲ. ಅಮ್ಮ ಮರೆತಿದ್ದಲ್ಲ. ದಿನ ತಪ್ಪಿಸಿದ್ದು ನಾನು. ನನಗೆ ಒಬ್ಬರು ಮೊದಲೇ ಕೇಳಿದ್ರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ."

ಮುದುಕಿಯ ದನಿ ದೂರದಿಂದ ಬಂತು.

"ಜೋರಾಗಿ ಹೇಳೋ ಮಗ. ಅವನಿಗೂ ನನ್ ಥರಾನೇ ಕಿವಿ ಮಂದ."

ಇನ್ನೊಮ್ಮೆ ಹೇಳಿದೆ, ಜೋರಾಗಿ, ಮೊದಲಿನಿಂದ.